ಹಗ್ಗ ನೋಡುವವನಿಗೆ ಸಂಬಳ ಕೊಡುವವರು ಯಾರು?

ಪುಣೆ ಜಿಲ್ಲೆಯ ಇಂದಾಪುರ ತಾಲ್ಲೂಕು ನಮಗೆ ಅಷ್ಟೇನೂ ಪರಕೀಯವಲ್ಲ. ಅಲ್ಲಿ ಉಜನಿ ಅಣೆಕಟ್ಟೆಯ ಹಿನ್ನೀರಾಗಿ ನಿಲ್ಲುವ ಭೀಮೆಯೇ ಸೊಲ್ಲಾಪುರ ಸೀಮೆ ದಾಟಿ ಇಂಡಿ, ಅಫಜಲಪುರದ ಕಡೆ ಹರಿದು ಬರುವುದು. ಆ ತಾಲ್ಲೂಕಿನ ಅಕೋಲೆ ಗ್ರಾಮದ ಹತ್ತಿರ, ನೀರಾ ನದಿಯ ನೀರನ್ನು ಭೀಮೆಗೆ ತರುವ ಸುರಂಗದ ಕೆಲಸ ನಡೆದಿತ್ತು. 2017ರ ನವೆಂಬರ್ 20ರ ಸಂಜೆ ಕೆಲಸ ಮುಗಿಸಿದ ಕಾರ್ಮಿಕರನ್ನು ಕ್ರೇನು ಶಾಫ್ಟಿನಿಂದ ಮೇಲೆತ್ತುವಾಗ ಅದರ ವೈರ್ ರೋಪ್ ಕಡಿದುಹೋಯಿತು. ಎಂಟು ಮಂದಿ ಸತ್ತರು.

ಆರು ವರ್ಷದ ನಂತರ, 2023ರ ಆಗಸ್ಟ್ ಮೊದಲ ವಾರ, ಅದೇ ತಾಲ್ಲೂಕಿನ ಮ್ಹಸೋಬಾಚಿ ವಾಡಿಯಲ್ಲಿ ನೂರು ಅಡಿಗೂ ಹೆಚ್ಚು ಆಳದ ಬಾವಿಗೆ ಕಾಂಕ್ರೀಟ್ ಬಳೆ ಕಟ್ಟುತ್ತಿದ್ದ ನಾಲ್ವರ ಮೇಲೆ ಮಣ್ಣು ಕುಸಿಯಿತು. ಎನ್‌ಡಿಆರ್‌ಎಫ್ ಪಡೆಯವರು ದಿನಗಟ್ಟಲೆ ಮಣ್ಣು ತೆಗೆದು ಹೆಣಗಳನ್ನು ಹೊರತಂದರು.

ಎರಡೂ ಭೂಮಿಯಲ್ಲಿ ತೋಡಿದ ಹೊಂಡಗಳೇ. ಕಾನೂನಿನ ಕಣ್ಣಿಗೆ ಮಾತ್ರ ಎರಡಕ್ಕೂ ಸಂಬಂಧವಿಲ್ಲ. ಇವೆರಡಕ್ಕೂ ಮೊದಲಿನ ಮೂರನೆಯ ಹೊಂಡವೊಂದು ನಮ್ಮ ಕೋಲಾರದಲ್ಲಿದೆ. ಕೆಲಸದ ಜಾಗದಲ್ಲಿ ‘ಇವತ್ತು ಬೇಡ, ನಿಲ್ಲಿಸಿ’ ಎನ್ನುವ ಅಧಿಕಾರ ಯಾರ ಕೈಗೆ, ಹೇಗೆ ಬಂತೆಂದು ತಿಳಿಯಲು ಈ ಮೂರನ್ನೂ ಒಟ್ಟಿಗೆ ನೋಡಬೇಕು.

ಮೊದಲು ಹಗ್ಗದ ವಿಚಾರ. ಸೆಣಬಿನ ಹಗ್ಗ ಒದ್ದೆಯಲ್ಲಿ ಕೊಳೆಯುತ್ತದೆ. ಕಬ್ಬಿಣದ ಸರಪಳಿಯ ಒಂದು ಕೊಂಡಿ ಸೋತರೂ ಮುನ್ಸೂಚನೆ ಇಲ್ಲದೆ ಎಲ್ಲ ಮುಗಿಯಿತು. ಜರ್ಮನಿಯ ಹಾರ್ಟ್ಸ್ ಬೆಟ್ಟಗಳಲ್ಲಿ ಗಣಿ ಅಧಿಕಾರಿಯಾಗಿದ್ದ ವಿಲ್ಹೆಲ್ಮ್ ಆಲ್ಬರ್ಟ್ ಇದಕ್ಕೆ ಬೇಸತ್ತು, 1834ರಲ್ಲಿ ತಂತಿಗಳನ್ನು ಹೊಸೆದು ಹಗ್ಗ ಮಾಡಿಸಿದ. ಈ ಹಗ್ಗದ ದೊಡ್ಡ ಗುಣ ಅದರ ಬಲವಲ್ಲ. ಇದು ಒಮ್ಮೆಲೇ ಸಾಯುವುದಿಲ್ಲ. ಒಂದೊಂದೇ ತಂತಿ ಕಡಿಯುತ್ತ ಹೋಗುತ್ತದೆ. ಅನುಭವಸ್ಥ ಫಿಟ್ಟರ್ ಹಗ್ಗಕ್ಕೆ ಬಟ್ಟೆಯ ಚಿಂದಿ ಸುತ್ತಿ, ನಿಧಾನಕ್ಕೆ ಓಡಿಸಲು ಹೇಳುತ್ತಾನೆ. ಕಡಿದ ತಂತಿಯ ಮೊನೆಗೆ ಚಿಂದಿ ಸಿಕ್ಕಿಕೊಳ್ಳುತ್ತದೆ. ಅಲ್ಲಿ ನಿಲ್ಲಿಸಿ ಎಣಿಸುತ್ತಾನೆ. ಆಮೇಲೆ ವರ್ನಿಯರ್ ಹಿಡಿದು ದಪ್ಪ ಅಳೆಯುತ್ತಾನೆ. ಹಗ್ಗ ಸಣಕಲಾಗಿದ್ದರೆ ಒಳಗಿನ ನಾರು ಒಣಗಿದೆ ಅಥವಾ ತುಕ್ಕು ತಿಂದಿದೆ ಎಂದೇ ಲೆಕ್ಕ. ಯಂತ್ರ ಬೇಡ, ಬೇಕಾದ್ದು ಅರ್ಧ ದಿನದ ಪುರುಸೊತ್ತು. ಆ ಅರ್ಧ ದಿನ ಕೆಲಸ ನಿಲ್ಲುತ್ತದಲ್ಲ, ತಂಟೆ ಶುರುವಾಗುವುದೇ ಅಲ್ಲಿಂದ.

ಕೋಲಾರದ ಚಿನ್ನದ ಗಣಿಯಲ್ಲಿ 1897ರಲ್ಲಿ ನಡೆದ ದುರಂತದಲ್ಲಿ 52 ಮಂದಿ ಸತ್ತರು. ಎರಡು ವರ್ಷ ಬಿಟ್ಟು ಬಲೂಚಿಸ್ತಾನದ ಖೋಸ್ತ್ ಕಲ್ಲಿದ್ದಲು ಗಣಿಯಲ್ಲಿ 47 ಮಂದಿ. ದೇಶದ ಮೊದಲ ಗಣಿ ಕಾಯ್ದೆ 1901ರಲ್ಲಿ ಬಂದದ್ದು ಈ ಸಾವುಗಳ ಬೆನ್ನಿಗೆ. ಮರುವರ್ಷ ಕಲ್ಕತ್ತೆಯಲ್ಲಿ ಗಣಿ ತಪಾಸಣೆಯ ಕಚೇರಿ ತೆರೆಯಿತು; 1908ರಲ್ಲಿ ಅದು ಧನಬಾದಿಗೆ ಹೋಯಿತು. ಇಂದಿನ ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ ಮೂಲ ಅದೇ. ಗಣಿ ನೋಡಲು ಬರುವವನ ಸಂಬಳ ಗಣಿ ಕಂಪನಿಯ ಖಾತೆಯಿಂದ ಹೋಗುವುದಿಲ್ಲ ಎಂಬುದು ಈ ಏರ್ಪಾಡಿನ ಜೀವಾಳ. ಇಂಗ್ಲೆಂಡು ಈ ಪಾಠವನ್ನು ಅಷ್ಟರಲ್ಲೇ ಕಲಿತಿತ್ತು. 1802ರ ಕಾಯ್ದೆ ಗಿರಣಿಗಳ ತಪಾಸಣೆಯನ್ನು ಊರಿನ ಗಣ್ಯರಿಗೂ ಪಾದ್ರಿಗಳಿಗೂ ಬಿಟ್ಟಿತ್ತು; ಅದು ಕಾಗದದಲ್ಲೇ ಉಳಿಯಿತು. 1833ರಲ್ಲಿ ಸರ್ಕಾರವೇ ನಾಲ್ವರು ಇನ್‌ಸ್ಪೆಕ್ಟರುಗಳನ್ನು ನೇಮಿಸಿದ ಮೇಲಷ್ಟೇ ಗಿರಣಿ ಮಾಲೀಕರಿಗೆ ಬಿಸಿ ತಟ್ಟಿದ್ದು.

ಕೆಜಿಎಫ್‌ನ ಶಾಫ್ಟುಗಳು ಕೊನೆಗೆ ಮೂರು ಕಿಲೋಮೀಟರಿಗೂ ಮೀರಿದ ಆಳಕ್ಕಿಳಿದವು. ಗಣಿಯ ನಿಯಮದಲ್ಲಿ ಕೇಜಿನ ಹಗ್ಗದ ತುದಿಯನ್ನು ಆಗಾಗ ಕತ್ತರಿಸಿ, ಬಿಚ್ಚಿ, ಒಳಗೆ ನೋಡಿ, ಹೊಸದಾಗಿ ಕಟ್ಟಬೇಕು. ನಿಂತಿದ್ದ ಕೇಜನ್ನು ಜನ ಹತ್ತುವ ಮೊದಲು ಒಮ್ಮೆ ಖಾಲಿ ಓಡಿಸಬೇಕು. 2001ರ ಫೆಬ್ರುವರಿ 28ರಂದು ಮುಚ್ಚುವ ತನಕ ಅಲ್ಲಿ ಸಾವು ನಿಂತಿತೆಂದಲ್ಲ, ಬಂಡೆ ಸಿಡಿತ ಅನೇಕರನ್ನು ತಿಂದಿತು. ಆದರೆ ಹಗ್ಗ ನೋಡುವುದು ಮಾತ್ರ ಯಾರ ಮರ್ಜಿಗೂ ಬಿಟ್ಟ ಕೆಲಸವಾಗಿರಲಿಲ್ಲ.

ಕಾರ್ಖಾನೆಯ ದಾರಿ ಬೇರೆ. 1948ರ ಫ್ಯಾಕ್ಟರಿ ಕಾಯ್ದೆಯ 28ನೇ ಸೆಕ್ಷನ್ ಓದಿದರೆ ಬರೆದವರ ಎಚ್ಚರಕ್ಕೆ ತಲೆದೂಗಬೇಕು: ಜನರನ್ನು ಒಯ್ಯುವ ಲಿಫ್ಟು ಹಗ್ಗದಲ್ಲಿ ತೂಗುವುದಾದರೆ ಕನಿಷ್ಠ ಎರಡು ಹಗ್ಗ ಬೇಕು, ಒಂದೊಂದೂ ಪೂರ್ತಿ ಭಾರ ಹೊರುವಷ್ಟು ಗಟ್ಟಿ ಇರಬೇಕು, ಕಡಿದರೂ ತಡೆದು ನಿಲ್ಲಿಸುವ ಸಾಧನ ಇರಬೇಕು, ಆರು ತಿಂಗಳಿಗೊಮ್ಮೆ ಪರೀಕ್ಷೆ ಆಗಬೇಕು. ಪರೀಕ್ಷಿಸುವ ‘ಸಕ್ಷಮ ವ್ಯಕ್ತಿ’ಗೆ ಮಾನ್ಯತೆ ಕೊಡುವುದು ಸರ್ಕಾರ, ಫೀಸು ಕೊಡುವುದು ಕಾರ್ಖಾನೆ. 1976ರಲ್ಲಿ ಸೇಫ್ಟಿ ಆಫೀಸರ್ ಬಂದ: ಸಾವಿರ ಕಾರ್ಮಿಕರಿದ್ದಲ್ಲಿ ಕಡ್ಡಾಯ. ಅವನಿಗೆ ಬೇರೆ ಕೆಲಸ ಹಚ್ಚಬಾರದು, ಅವನು ನೇರ ಮುಖ್ಯಸ್ಥನಿಗೇ ವರದಿ ಕೊಡಬೇಕು ಎಂದು ನಿಯಮಗಳು ಹೇಳಿದವು. ಭೋಪಾಲದ ಅನಿಲ ದುರಂತದ ನಂತರ, 1987ರ ತಿದ್ದುಪಡಿಯಲ್ಲಿ, ಅಪಾಯ ಕಂಡಾಗ ಎಚ್ಚರಿಸುವ ಹಕ್ಕು ಕಾರ್ಮಿಕನಿಗೂ ಸಿಕ್ಕಿತು.

ಇಷ್ಟಾದರೂ ಗಂಟು ಬಿಚ್ಚಿಲ್ಲ. ಸೇಫ್ಟಿ ಆಫೀಸರ್ ಮಾಲೀಕನ ಸಂಬಳದವನು. ಪ್ರೊಡಕ್ಷನ್ ಮ್ಯಾನೇಜರ್ ಪಕ್ಕದಲ್ಲಿ ಕೂತು, ಅವನ ಟಾರ್ಗೆಟ್ಟಿಗೆ ಅಡ್ಡ ಬರುವ ಮಾತನ್ನು ದಿನಾ ಆಡಬೇಕು. ಆಡಿದರೆ ಕಿರಿಕಿರಿಯ ಮನುಷ್ಯ, ಆಡದಿದ್ದರೆ ಮಾರ್ಚ್ 4ರ ರಾಷ್ಟ್ರೀಯ ಸುರಕ್ಷತಾ ದಿನದಂದು ಬ್ಯಾಡ್ಜು ಹಂಚುವ ಮನುಷ್ಯ. ಹಗ್ಗವನ್ನು ಕಣ್ಣಿಂದ ನೋಡದೆ, ಚಹಾ ಕುಡಿಯುತ್ತ ಕೂತಲ್ಲೇ ಸಹಿ ಹಾಕಿದ ಸರ್ಟಿಫಿಕೇಟಿಗೂ ಅಸಲಿಗೂ ಫೈಲಿನಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಈ ವೃತ್ತಿಯ ನೀತಿಯ ಬಗ್ಗೆ ಭಾಷಣ ಮಾಡುವವರು ಧೈರ್ಯ ಬೇಕು ಎನ್ನುತ್ತಾರೆ. ನನಗೆ ಅದು ಅರೆಮಾತು ಅನಿಸುತ್ತದೆ. ಮನೆಸಾಲದ ಕಂತು ಇರುವವನಿಂದ ತಿಂಗಳು ತಿಂಗಳೂ ಧೈರ್ಯ ಕೇಳುವ ವ್ಯವಸ್ಥೆಯಲ್ಲೇ ಐಬಿದೆ. ಅವನನ್ನು ಕೆಲಸದಿಂದ ತೆಗೆಯಲು ಹೊರಗಿನವರ ಒಪ್ಪಿಗೆ ಬೇಕೆಂದು ಬರೆದರೆ ಅರ್ಧ ಧೈರ್ಯ ತಾನೇ ಬರುತ್ತದೆ.

ಅಕೋಲೆಗೆ ಮರಳೋಣ. ನೀರಾವರಿ ಸುರಂಗ ಗಣಿಯಲ್ಲ, ಕಾರ್ಖಾನೆಯೂ ಅಲ್ಲ. ಅದಕ್ಕೆ ಆಗ ಅನ್ವಯಿಸುತ್ತಿದ್ದುದು ಕಟ್ಟಡ ಕಾರ್ಮಿಕರ 1996ರ ಕಾಯ್ದೆ. ಅಲ್ಲಿ ಸೇಫ್ಟಿ ಆಫೀಸರ್ ಕಡ್ಡಾಯವಾಗುತ್ತಿದ್ದುದು 500 ಮಂದಿ ಇದ್ದರೆ. 2025ರ ನವೆಂಬರ್ 21ರಂದು ಜಾರಿಗೆ ಬಂದ, ಕೆಲಸದ ಸುರಕ್ಷತೆಯ ಹೊಸ ಸಂಹಿತೆ ಈ ಹಳೆಯ ಕಾಯ್ದೆಗಳನ್ನು ಒಂದು ಮಾಡಿ, ಈ ಮಿತಿಯನ್ನು ಕಟ್ಟಡ ಕೆಲಸದಲ್ಲಿ 250ಕ್ಕೂ ಕಾರ್ಖಾನೆಯಲ್ಲಿ 500ಕ್ಕೂ ಇಳಿಸಿದೆ. ಒಳ್ಳೆಯದೇ.

ಬಾವಿಯ ನಾಲ್ವರಿಗೆ ಇದಾವುದೂ ತಾಗುವುದಿಲ್ಲ. ಹಳೆಯ ಕಾಯ್ದೆಗೂ ಹತ್ತು ಮಂದಿ ಬೇಕಿತ್ತು, ಹೊಸದಕ್ಕೂ ಹತ್ತು. ಬಾವಿ ಕೆಲಸದ ಗ್ಯಾಂಗುಗಳು ಸಾಮಾನ್ಯವಾಗಿ ಅಡಿಗಿಷ್ಟು ಎಂದು ಗುತ್ತಿಗೆ ಹಿಡಿಯುತ್ತವೆ. ಮಣ್ಣು ಸಡಿಲ ಕಂಡು ಒಂದು ದಿನ ನಿಂತರೆ ಆ ದಿನದ ಕೂಲಿ ಅವರದ್ದೇ ನಷ್ಟ. ಕೆಲಸ ನಿಲ್ಲಿಸಬೇಕಾದವನೂ ನಿಂತರೆ ಕಳೆದುಕೊಳ್ಳುವವನೂ ಒಬ್ಬನೇ. ಹೊಸ ಸಂಹಿತೆಯಲ್ಲಿ ಒಂದು ಕಿಂಡಿಯಿದೆ: ಜೀವಕ್ಕೆ ಅಪಾಯವಿರುವ ಕೆಲಸವೆಂದು ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದರೆ ಒಬ್ಬನೇ ಕಾರ್ಮಿಕನಿದ್ದರೂ ಕಾನೂನು ಅನ್ವಯಿಸುತ್ತದೆ. ಆ ಪಟ್ಟಿಗೆ ಬಾವಿ ಕೆಲಸವನ್ನು ಸೇರಿಸುವಂತೆ ಕೇಳಲು ಮುಂಬಯಿಗೂ ಬೆಂಗಳೂರಿಗೂ ಸಮಾನ ಕಾರಣವಿದೆ. ಭೀಮೆಯ ಎರಡೂ ಕಡೆ ಬೇಸಿಗೆಯಲ್ಲಿ ಬಾವಿ ತೋಡುತ್ತಾರೆ.