ಹೃದಯ ಮತ್ತು ಅಪಧಮನಿಗಳ ಆರೋಗ್ಯದಲ್ಲಿ ಸೂಕ್ಷ್ಮ ಖನಿಜಗಳು

ದೇಹಕ್ಕೆ ದಿನವೊಂದಕ್ಕೆ 100 ಮಿಲಿಗ್ರಾಂಗಿಂತ ಕಡಿಮೆ ಪ್ರಮಾಣದಲ್ಲಿ ಬೇಕಾಗುವ ಖನಿಜಗಳನ್ನು ಸೂಕ್ಷ್ಮ ಖನಿಜಗಳು ಎಂದು ಕರೆಯುತ್ತಾರೆ. ಕಬ್ಬಿಣ, ಸತು, ತಾಮ್ರ, ಅಯೋಡಿನ್, ಸೆಲೆನಿಯಂ ಮತ್ತು ಮ್ಯಾಂಗನೀಸ್ ಇವುಗಳಲ್ಲಿ ಮುಖ್ಯವಾದವು. ರಕ್ತದೊತ್ತಡದೊಂದಿಗೆ ಸಂಬಂಧವಿರುವ ಸೋಡಿಯಂ, ಪೊಟ್ಯಾಸಿಯಂ ಮತ್ತು ಮೆಗ್ನೀಸಿಯಂ ಹೆಚ್ಚಿನ ಪ್ರಮಾಣದಲ್ಲಿ ಬೇಕಾಗುವುದರಿಂದ ಈ ಗುಂಪಿಗೆ ಸೇರುವುದಿಲ್ಲ. ಸೂಕ್ಷ್ಮ ಖನಿಜಗಳು ಬಹುಮಟ್ಟಿಗೆ ಕಿಣ್ವಗಳ ಭಾಗವಾಗಿ ಕೆಲಸ ಮಾಡುತ್ತವೆ. ಇವುಗಳ ತೀವ್ರ ಕೊರತೆಯಿಂದ ಹೃದಯ ಮತ್ತು ಅಪಧಮನಿಗಳಿಗೆ ಹಾನಿಯಾಗುತ್ತದೆ. ಆದರೆ ಅಗತ್ಯಕ್ಕಿಂತ ಹೆಚ್ಚು ಸೇವಿಸುವುದರಿಂದ ಹೆಚ್ಚಿನ ರಕ್ಷಣೆ ದೊರೆಯುತ್ತದೆ ಎಂಬುದು ಸಾಬೀತಾಗಿಲ್ಲ. ಕೆಲವು ಖನಿಜಗಳ ಅತಿಸೇವನೆ ಹೃದಯಕ್ಕೆ ಅಪಾಯಕಾರಿಯೂ ಹೌದು.

ತಾಮ್ರ ಮತ್ತು ಅಪಧಮನಿಯ ಭಿತ್ತಿ

ಹೃದಯದ ಪ್ರತಿ ಬಡಿತಕ್ಕೂ ಅಪಧಮನಿಗಳು ಹಿಗ್ಗಿ ಮತ್ತೆ ಮೊದಲಿನ ಸ್ಥಿತಿಗೆ ಬರುತ್ತವೆ. ಅವುಗಳ ಭಿತ್ತಿಯಲ್ಲಿರುವ ಎಲಾಸ್ಟಿನ್ ಎಂಬ ಪ್ರೋಟೀನು ಈ ಸ್ಥಿತಿಸ್ಥಾಪಕತ್ವಕ್ಕೆ ಕಾರಣವಾದರೆ, ಕೊಲಾಜೆನ್ ಭಿತ್ತಿಗೆ ಬಲವನ್ನು ನೀಡುತ್ತದೆ. ಈ ಪ್ರೋಟೀನುಗಳ ಎಳೆಗಳನ್ನು ಒಂದಕ್ಕೊಂದು ಬೆಸೆಯುವ ಲೈಸಿಲ್ ಆಕ್ಸಿಡೇಸ್ ಎಂಬ ಕಿಣ್ವವು ತಾಮ್ರವಿಲ್ಲದೆ ಕೆಲಸ ಮಾಡುವುದಿಲ್ಲ. ತಾಮ್ರವಿಲ್ಲದ ಆಹಾರ ತಿಂದ ಕೋಳಿಮರಿಗಳು ಮತ್ತು ಹಂದಿಗಳು ಮಹಾಪಧಮನಿ ಒಡೆದು ಸಾಯುವುದನ್ನು 1960ರ ದಶಕದ ಆರಂಭದ ಪ್ರಯೋಗಗಳು ತೋರಿಸಿದವು.

ಮನುಷ್ಯರಲ್ಲಿ ಇದಕ್ಕೆ ಹೋಲುವ ಸ್ಥಿತಿಯು ಮೆಂಕೆಸ್ ಕಾಯಿಲೆ ಎಂಬ ಆನುವಂಶಿಕ ರೋಗದಲ್ಲಿ ಕಂಡುಬರುತ್ತದೆ. ಈ ರೋಗವಿರುವ ಶಿಶುಗಳ ಕೂದಲು ಒರಟಾಗಿ ತಿರುಚಿಕೊಂಡಿರುತ್ತದೆ, ಅಪಧಮನಿಗಳು ಅಂಕುಡೊಂಕಾಗಿರುತ್ತವೆ. ತಾಮ್ರದ ಕೊರತೆಯಿರುವ ಕುರಿಗಳ ಉಣ್ಣೆಯನ್ನು ಈ ಕೂದಲು ಹೋಲುವುದನ್ನು ಗಮನಿಸಿದ ಆಸ್ಟ್ರೇಲಿಯಾದ ವೈದ್ಯ ಡೇವಿಡ್ ಡ್ಯಾಂಕ್ಸ್, 1972ರಲ್ಲಿ ರೋಗದ ಮೂಲ ತಾಮ್ರದ ಹೀರಿಕೆಯ ದೋಷವೆಂದು ತೋರಿಸಿದರು.

ಸೆಲೆನಿಯಂ ಮತ್ತು ಕೆಶಾನ್ ಕಾಯಿಲೆ

ಸೂಕ್ಷ್ಮ ಖನಿಜದ ಕೊರತೆಗೂ ಹೃದ್ರೋಗಕ್ಕೂ ಇರುವ ಸಂಬಂಧಕ್ಕೆ ಅತ್ಯಂತ ಸ್ಪಷ್ಟವಾದ ಉದಾಹರಣೆ ಚೀನಾದ ಕೆಶಾನ್ ಕಾಯಿಲೆ. 1935ರಲ್ಲಿ ಹೈಲಾಂಗ್‌ಜಿಯಾಂಗ್ ಪ್ರಾಂತ್ಯದ ಕೆಶಾನ್ ಕೌಂಟಿಯಲ್ಲಿ ಇದು ವರದಿಯಾದುದರಿಂದ ಈ ಹೆಸರು ಬಂದಿತು. ಇದರಲ್ಲಿ ಹೃದಯದ ಸ್ನಾಯು ನಾಶವಾಗಿ ಹೃದಯ ಹಿಗ್ಗುತ್ತದೆ. ಮಕ್ಕಳು ಮತ್ತು ಹೆರುವ ವಯಸ್ಸಿನ ಮಹಿಳೆಯರು ಹೆಚ್ಚಾಗಿ ತುತ್ತಾಗುತ್ತಿದ್ದರು. ಈ ಕಾಯಿಲೆಯಿದ್ದ ಪ್ರದೇಶಗಳ ಮಣ್ಣಿನಲ್ಲಿ ಸೆಲೆನಿಯಂ ತೀರ ಕಡಿಮೆ. ಸ್ಥಳೀಯ ಧಾನ್ಯವನ್ನೇ ಅವಲಂಬಿಸಿದ್ದ ಬಡ ರೈತ ಕುಟುಂಬಗಳಿಗೆ ಆ ಖನಿಜ ದೊರೆಯುತ್ತಿರಲಿಲ್ಲ.

1974ರಲ್ಲಿ ಸಿಚುವಾನ್ ಪ್ರಾಂತ್ಯದ ಮಿಯಾನಿಂಗ್ ಕೌಂಟಿಯಲ್ಲಿ 1ರಿಂದ 9 ವರ್ಷದ ಮಕ್ಕಳಿಗೆ ವಾರಕ್ಕೊಮ್ಮೆ ಸೋಡಿಯಂ ಸೆಲೆನೈಟ್ ಮಾತ್ರೆಗಳನ್ನು ನೀಡಲಾಯಿತು. ಆ ವರ್ಷ ಮಾತ್ರೆ ಪಡೆದ 4,510 ಮಕ್ಕಳಲ್ಲಿ 10 ಮಂದಿಗೆ, ಪಡೆಯದ 3,985 ಮಕ್ಕಳಲ್ಲಿ 54 ಮಂದಿಗೆ ಕಾಯಿಲೆ ಬಂದಿತು. ಕಾಯಿಲೆಯು ಋತುಮಾನಕ್ಕೆ ತಕ್ಕಂತೆ ಏರಿಳಿಯುತ್ತಿದ್ದುದರಿಂದ ಕೊರತೆಯೊಂದೇ ಕಾರಣವಲ್ಲವೆಂಬ ಸಂದೇಹವಿತ್ತು. ಸೆಲೆನಿಯಂ ಕೊರತೆಯಿರುವ ಇಲಿಗಳ ದೇಹದಲ್ಲಿ ನಿರುಪದ್ರವಿಯಾದ ಕಾಕ್ಸಾಕಿ ವೈರಾಣು ರೂಪಾಂತರಗೊಂಡು ಹೃದಯಕ್ಕೆ ಹಾನಿ ಮಾಡಬಲ್ಲದೆಂದು 1995ರಲ್ಲಿ ಮೆಲಿಂಡಾ ಬೆಕ್ ಮತ್ತು ಸಂಗಡಿಗರು ತೋರಿಸಿದರು.

ಅತಿಸೇವನೆಯ ಪರಿಣಾಮಗಳು

ಕೊರತೆಯಿಲ್ಲದವರಿಗೆ ಹೆಚ್ಚುವರಿ ಸೆಲೆನಿಯಂ ನೀಡುವುದರಿಂದ ಹೃದಯಕ್ಕೆ ಪ್ರಯೋಜನವಾದುದು ಕಂಡುಬಂದಿಲ್ಲ. ಉತ್ತರ ಅಮೆರಿಕದಲ್ಲಿ ಸುಮಾರು 35,000 ಪುರುಷರ ಮೇಲೆ ನಡೆದ ಸೆಲೆಕ್ಟ್ ಎಂಬ ಅಧ್ಯಯನದಲ್ಲಿ ದಿನಕ್ಕೆ 200 ಮೈಕ್ರೋಗ್ರಾಂ ಸೆಲೆನಿಯಂ ಪಡೆದವರಲ್ಲಿ ಹೃದ್ರೋಗ ಕಡಿಮೆಯಾಗಲಿಲ್ಲ. ಪ್ರಾಸ್ಟೇಟ್ ಕ್ಯಾನ್ಸರ್ ತಡೆಯುವುದು ಈ ಅಧ್ಯಯನದ ಮುಖ್ಯ ಉದ್ದೇಶವಾಗಿತ್ತು. 2008ರಲ್ಲಿ ಮಾತ್ರೆಗಳನ್ನು ನಿಲ್ಲಿಸಲಾಯಿತು.

ಸತುವನ್ನು ದೀರ್ಘಕಾಲ ಅಧಿಕವಾಗಿ ಸೇವಿಸಿದರೆ ಕರುಳಿನಲ್ಲಿ ತಾಮ್ರದ ಹೀರಿಕೆ ಕುಂದುತ್ತದೆ. ಪದೇ ಪದೇ ರಕ್ತ ಪಡೆಯುವ ಥಲಸ್ಸೀಮಿಯಾ ರೋಗಿಗಳಲ್ಲಿ ಸಂಗ್ರಹವಾಗುವ ಕಬ್ಬಿಣವು ಹೃದಯದ ವೈಫಲ್ಯಕ್ಕೆ ಕಾರಣವಾಗಬಹುದು. ಇನ್ನೊಂದೆಡೆ, ಕಬ್ಬಿಣದ ಕೊರತೆಯಿಂದ ಉಂಟಾಗುವ ತೀವ್ರ ರಕ್ತಹೀನತೆಯೂ ಹೃದಯದ ಮೇಲಿನ ಹೊರೆಯನ್ನು ಹೆಚ್ಚಿಸುತ್ತದೆ. ವಿಟಮಿನ್ ಬಿ12ರ ಅಂಗವಾಗಿರುವ ಕೋಬಾಲ್ಟ್ ಕೂಡ ಹೆಚ್ಚಾದರೆ ವಿಷ. 1965–66ರಲ್ಲಿ ಕೆನಡಾದ ಕ್ವಿಬೆಕ್ ನಗರದಲ್ಲಿ ನೊರೆ ಉಳಿಯಲೆಂದು ಕೋಬಾಲ್ಟ್ ಬೆರೆಸಿದ್ದ ಬಿಯರನ್ನು ಅತಿಯಾಗಿ ಕುಡಿಯುತ್ತಿದ್ದವರು ಹೃದಯಸ್ನಾಯುವಿನ ರೋಗಕ್ಕೆ ತುತ್ತಾಗಿ, ಅನೇಕರು ಮೃತಪಟ್ಟರು.

ಆಹಾರ ಮೂಲಗಳು

ಅಮೆರಿಕದ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ 55 ಮೈಕ್ರೋಗ್ರಾಂ ಸೆಲೆನಿಯಂ ಮತ್ತು 0.9 ಮಿಲಿಗ್ರಾಂ ತಾಮ್ರ ಸಾಕು. ಸುರಕ್ಷಿತ ಗರಿಷ್ಠ ಮಿತಿ ಕ್ರಮವಾಗಿ 400 ಮೈಕ್ರೋಗ್ರಾಂ ಮತ್ತು 10 ಮಿಲಿಗ್ರಾಂ. ಎಳ್ಳು, ಗೋಡಂಬಿ ಮತ್ತು ಬೇಳೆಕಾಳುಗಳಲ್ಲಿ ತಾಮ್ರವೂ, ಮೀನು ಮತ್ತು ಮೊಟ್ಟೆಗಳಲ್ಲಿ ಸೆಲೆನಿಯಂ ಸಹ ದೊರೆಯುತ್ತವೆ. ಧಾನ್ಯಗಳಲ್ಲಿನ ಸೆಲೆನಿಯಂ ಪ್ರಮಾಣವು ಅವು ಬೆಳೆದ ಮಣ್ಣನ್ನು ಅವಲಂಬಿಸಿರುತ್ತದೆ. ವೈವಿಧ್ಯಮಯ ಆಹಾರ ಸೇವಿಸುವ ಆರೋಗ್ಯವಂತರಿಗೆ ಸಾಮಾನ್ಯವಾಗಿ ಈ ಖನಿಜಗಳ ಮಾತ್ರೆಗಳ ಅಗತ್ಯವಿರುವುದಿಲ್ಲ. ಕೊರತೆಯ ಸಂದೇಹವಿದ್ದಲ್ಲಿ ವೈದ್ಯರ ಸಲಹೆಯ ಮೇರೆಗೆ ಪರೀಕ್ಷಿಸಿಕೊಂಡು ಚಿಕಿತ್ಸೆ ಪಡೆಯುವುದು ಸೂಕ್ತ.