ಗುಜರಿಗೆ ಹೋಗುತ್ತಿರುವ ದಫ್ತರ

ಸರ್ಕಾರಿ ಕಚೇರಿಗಳಲ್ಲಿ ಕಾಗದದ ಕಡತಕ್ಕೆ ಒಂದು ಅಂತ್ಯವಿಧಿಯುಂಟು. ಕಡತಗಳನ್ನು ಎ, ಬಿ, ಸಿ, ಡಿ, ಇ ಎಂದು ವರ್ಗೀಕರಿಸಿ, ಶಾಶ್ವತವಾಗಿ ಉಳಿಯತಕ್ಕವನ್ನು ಕಾಪಾಡಿ, ಅವಧಿ ತೀರಿದವನ್ನು ಪಟ್ಟಿಮಾಡಿ, ಮೇಲಧಿಕಾರಿಗಳ ಅಪ್ಪಣೆ ಪಡೆದು ನಾಶಪಡಿಸುವುದು ಬಹುಕಾಲದ ಪದ್ಧತಿ. ಆದರೆ ಸಾವಿರಾರು ಕಡತಗಳನ್ನು ಹೊಟ್ಟೆಯಲ್ಲಿಟ್ಟುಕೊಂಡ ಹಳೆಯ ಕಂಪ್ಯೂಟರು ಮಾತ್ರ ಮುರಿದ ಕುರ್ಚಿ, ಕೆಟ್ಟ ಫ್ಯಾನುಗಳ ಜೊತೆಗೆ ತೂಕದ ಲೆಕ್ಕದಲ್ಲಿ ಗುಜರಿಯವರ ಪಾಲಾಗುವುದುಂಟು. ಕಾಗದಕ್ಕೆ ಸಲ್ಲುವ ಎಚ್ಚರಿಕೆ ಹಾರ್ಡ್ ಡಿಸ್ಕಿಗೆ ಸಲ್ಲದಿರುವುದು ವಿಷಾದಕರವಾದ ಸಂಗತಿ.

ಇದು ಬೆಂಗಳೂರಿನವರ ಚಿಂತೆ, ನಮಗೇಕೆ ಎಂದು ವಾಚಕ ಮಹಾಶಯರು ಭಾವಿಸಬಾರದು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ತಾಲ್ಲೂಕು ಕಚೇರಿ, ಪುರಸಭೆ, ಸಹಕಾರ ಸಂಘ, ಅಡಕೆ ಮಂಡಿ, ರಕ್ತಪರೀಕ್ಷೆಯ ಕೇಂದ್ರ, ಜೆರಾಕ್ಸ್ ಅಂಗಡಿ ಇವುಗಳಲ್ಲಿ ಕಂಪ್ಯೂಟರಿಲ್ಲದ ಕೆಲಸವೇ ಇಲ್ಲ. ಸಾಲಕ್ಕೆ ಅರ್ಜಿ ಹಾಕುವ ರೈತನು ತನ್ನ ಆಧಾರ್, ಪಹಣಿ, ಪಾಸ್ ಪುಸ್ತಕ, ಹೆಬ್ಬೆರಳಿನ ಗುರುತು ಎಲ್ಲವನ್ನೂ ಯಾವುದೋ ಒಂದು ಮೇಜಿನ ಮೇಲಣ ಯಂತ್ರಕ್ಕೆ ಒಪ್ಪಿಸುತ್ತಾನೆ. ಆ ಯಂತ್ರವು ಮುಂದೆ ಎಲ್ಲಿಗೆ ಹೋಯಿತೆಂದು ಕೇಳುವ ಅವಕಾಶವೂ ಅವನಿಗಿಲ್ಲ.

ಅನ್ಯರನ್ನು ಹೇಳುವ ಮೊದಲು ನಮ್ಮ ತಪ್ಪನ್ನೇ ಒಪ್ಪಿಕೊಳ್ಳುತ್ತೇವೆ. ನಮ್ಮ ಕಾರ್ಯಾಲಯದ ಒಂದು ಹಳೆಯ ಕಂಪ್ಯೂಟರನ್ನು ಮಾರುವುದಕ್ಕೆ ಮುಂಚೆ ಚಂದಾದಾರರ ಪಟ್ಟಿಯನ್ನೂ ಲೆಕ್ಕಪತ್ರಗಳನ್ನೂ ಅಳಿಸಿ ನಿಶ್ಚಿಂತರಾಗಿದ್ದೆವು. ಯಂತ್ರ ರಿಪೇರಿಗೆಂದು ಬಂದಿದ್ದ ತರುಣನೊಬ್ಬನು, ಪುಕ್ಕಟೆ ದೊರೆಯುವ ಒಂದು ಸಾಧನದಿಂದ, ನಾವು ಕಾಫಿ ಕುಡಿದು ಬರುವಷ್ಟರಲ್ಲಿ ಆ ಪಟ್ಟಿಯನ್ನು ಪರದೆಯ ಮೇಲೆ ತಂದು ತೋರಿಸಿದನು. ನಾಚಿಕೆಯ ಜೊತೆಗೆ ನಮಗೆ ಬುದ್ಧಿಯೂ ಬಂದಿತು.

ಇದರ ಮರ್ಮ ಸರಳವಾದದ್ದು. ‘ಡಿಲೀಟ್’ ಎಂದು ಒತ್ತಿದರೆ ಅಳಿಯುವುದು ಪುಸ್ತಕದ ಪುಟವಲ್ಲ, ಅದರ ಪರಿವಿಡಿಯ ಸಾಲು ಮಾತ್ರ. ಆ ಸ್ಥಳದಲ್ಲಿ ಹೊಸದೇನನ್ನಾದರೂ ಬರೆಯುವ ತನಕ ಹಳೆಯ ಬರೆಹ ಅಲ್ಲಿಯೇ ಇರುತ್ತದೆ. ನಮ್ಮ ಚಂದ್ರವಳ್ಳಿಯ ಬಂಡೆಯ ಮೇಲೆ ಕದಂಬ ಮಯೂರಶರ್ಮನು ಕೆರೆಯ ವಿಷಯವಾಗಿ ಬರೆಯಿಸಿದ ನಾಲ್ಕನೆಯ ಶತಮಾನದ ಶಾಸನವನ್ನು, ಅಕ್ಷರಗಳು ಸವೆದಿದ್ದರೂ, ಡಾ. ಎಂ. ಎಚ್. ಕೃಷ್ಣ ಅವರು ಓದಿ ಲೋಕಕ್ಕೆ ತಿಳಿಸಿದರು. ಅದು ನಾಡಿನ ಭಾಗ್ಯ. ಬಡವನ ಬ್ಯಾಂಕ್ ಲೆಕ್ಕವನ್ನು ಹೀಗೆಯೇ ಓದಬಲ್ಲವನು ವಿದ್ವಾಂಸನಾಗಿರುವುದಿಲ್ಲ, ಕಳ್ಳನಾಗಿರುತ್ತಾನೆ.

ಪರದೇಶಗಳ ಅನುಭವವೂ ಇದನ್ನೇ ಸಾರುತ್ತದೆ. ಅಮೆರಿಕದ ಎಂ.ಐ.ಟಿ.ಯ ಗಾರ್ಫಿಂಕೆಲ್ ಮತ್ತು ಶೆಲಾಟ್ ಎಂಬ ಸಂಶೋಧಕರು ಹಳೆಯ ಸಾಮಾನಿನ ಪೇಟೆಯಲ್ಲಿ 158 ಡಿಸ್ಕುಗಳನ್ನು ಕೊಂಡು ಪರೀಕ್ಷಿಸಿ 2003ರಲ್ಲಿ ಫಲವನ್ನು ಪ್ರಕಟಿಸಿದರು. ಕೆಲಸಮಾಡುತ್ತಿದ್ದ 129 ಡಿಸ್ಕುಗಳಲ್ಲಿ ಸರಿಯಾಗಿ ಅಳಿಸಲ್ಪಟ್ಟಿದ್ದವು ಕೇವಲ 12. ಮಾರ್ಗನ್ ಸ್ಟಾನ್ಲಿ ಎಂಬ ಧನಿಕ ಸಂಸ್ಥೆಯು ಡಿಸ್ಕುಗಳ ವಿಲೇವಾರಿಯನ್ನು ಆ ಕೆಲಸವನ್ನರಿಯದ ಸಾಮಾನು ಸಾಗಿಸುವವರಿಗೆ ವಹಿಸಿ, ಸುಮಾರು 1 ಕೋಟಿ 50 ಲಕ್ಷ ಗ್ರಾಹಕರ ವಿವರಗಳನ್ನು ಅಪಾಯಕ್ಕೀಡುಮಾಡಿದ್ದಕ್ಕಾಗಿ 2022ರಲ್ಲಿ 3 ಕೋಟಿ 50 ಲಕ್ಷ ಡಾಲರ್ ದಂಡ ತೆತ್ತಿತು.

ಹಾಗಾದರೆ ಮಾಡತಕ್ಕದ್ದೇನು? ತಿರುಗುವ ತಟ್ಟೆಗಳುಳ್ಳ ಹಾರ್ಡ್ ಡಿಸ್ಕಿನ ಉದ್ದಗಲಕ್ಕೂ ಒಂದು ಸಲ ಸೊನ್ನೆಗಳನ್ನು ಬರೆದು ಪರಿಶೀಲಿಸಿದರೆ ಸಾಮಾನ್ಯವಾಗಿ ಸಾಕು. ಅಮೆರಿಕದ ನಿಸ್ಟ್ ಎಂಬ ಮಾನಕ ಸಂಸ್ಥೆಯ 2014ರ ಮಾರ್ಗದರ್ಶಿಯ ಅಭಿಪ್ರಾಯವೂ ಇದೇ. 35 ಬಾರಿ ಅಳಿಸಬೇಕೆಂಬುದು ಹಳೆಯ ಮಾತು. ಆದರೆ ಎಸ್.ಎಸ್.ಡಿ. ಮತ್ತು ಪೆನ್ ಡ್ರೈವುಗಳ ಗುಣ ಬೇರೆ. ಅವು ತಮ್ಮ ಕೋಶಗಳು ಬೇಗ ಸವೆಯದಂತೆ ಬರೆಹವನ್ನು ಸ್ಥಳಾಂತರಿಸುತ್ತಿರುವುದರಿಂದ, ಮೇಲೆ ಬರೆದರೂ ಮೂಲೆಯಲ್ಲಿ ಹಳೆಯದು ಉಳಿಯಬಹುದು. ಎಸ್.ಎಸ್.ಡಿ.ಗೆ ತಯಾರಕರೇ ಇಟ್ಟಿರುವ ಅಳಿಸುವ ಆಜ್ಞೆಯನ್ನು ಬಳಸಬೇಕು. ಇಲ್ಲವೆ ಮೊದಲಿನಿಂದಲೂ ಎಲ್ಲವನ್ನೂ ಗೂಢಲಿಪಿಯಲ್ಲಿಟ್ಟು ಕೊನೆಯಲ್ಲಿ ಅದರ ಕೀಲಿಯನ್ನು ನಾಶಮಾಡಬೇಕು. ಅಯಸ್ಕಾಂತದ ಯಂತ್ರವು ತಟ್ಟೆಯ ಡಿಸ್ಕಿಗೆ ಮಾತ್ರ ಉಪಯುಕ್ತ. ಕೆಟ್ಟುಹೋಗಿ ಅಳಿಸಲಾರದವನ್ನು ಯಂತ್ರದಲ್ಲಿ ಚೂರುಚೂರು ಮಾಡಿಸುವುದೇ ದಾರಿ. ಒಂದು ರಂಧ್ರ ಕೊರೆದರೆ ಸಾಲದು, ಬಯಲಿನಲ್ಲಿ ಸುಡುವುದಂತೂ ವಿಷವನ್ನು ನೆರೆಹೊರೆಗೆ ಹಂಚಿದಂತೆ. ದೊಡ್ಡ ಜೆರಾಕ್ಸ್ ಯಂತ್ರಗಳೊಳಗೂ ಡಿಸ್ಕ್ ಇರುವುದುಂಟೆಂಬುದನ್ನು ಮರೆಯಲಾಗದು.

2022ರ ಇ-ತ್ಯಾಜ್ಯ ನಿಯಮಗಳು, ಹೆಚ್ಚು ಪ್ರಮಾಣದಲ್ಲಿ ಬಳಸುವವರು ಹಳೆಯ ಯಂತ್ರಗಳನ್ನು ನೋಂದಾಯಿತರಾದವರಿಗೇ ಒಪ್ಪಿಸಬೇಕೆಂದು ವಿಧಿಸಿವೆ. 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು, ಉದ್ದೇಶ ತೀರಿದ ಮೇಲೆ ಜನರ ವಿವರಗಳನ್ನು ಅಳಿಸಬೇಕೆಂದೂ, ರಕ್ಷಣೆಯಲ್ಲಿ ತಪ್ಪಿದವರಿಗೆ 250 ಕೋಟಿ ರೂಪಾಯಿಗಳವರೆಗೆ ದಂಡವೆಂದೂ ಹೇಳುತ್ತದೆ; ಅದು ಹಂತಹಂತವಾಗಿ ಜಾರಿಗೆ ಬರುವಂತೆ 2025ರ ನವೆಂಬರಿನಲ್ಲಿ ನಿಯಮಗಳು ಪ್ರಕಟವಾದವು. ಆದರೆ ಕಾನೂನು ಬಾಗಿಲು ತಟ್ಟುವವರೆಗೆ ಕಾಯುವುದು ಪ್ರಾಮಾಣಿಕರ ಲಕ್ಷಣವಲ್ಲ.

ಅಧಿಕಾರಿಗಳಲ್ಲಿಯೂ ಸಂಘಗಳ ಕಾರ್ಯದರ್ಶಿಗಳಲ್ಲಿಯೂ ನಮ್ಮ ಅರಿಕೆ ಇಷ್ಟೆ. ಲೆಕ್ಕಪರಿಶೋಧನೆಗೆ, ನ್ಯಾಯಾಲಯಕ್ಕೆ, ಮಾಹಿತಿ ಹಕ್ಕಿನ ಅರ್ಜಿಗೆ ಬೇಕಾದುದನ್ನು ಮೊದಲು ಪ್ರತಿ ಮಾಡಿ ಉಳಿಸಿರಿ. ಅನಂತರ ಪ್ರತಿ ಡಿಸ್ಕಿನ ಸಂಖ್ಯೆ, ಅಳಿಸಿದ ವಿಧಾನ, ದಿನಾಂಕ, ಇಬ್ಬರ ರುಜು ಇವನ್ನು ಒಂದು ಪುಸ್ತಕದಲ್ಲಿ ದಾಖಲಿಸಿರಿ. ಆ ಪುಸ್ತಕದಲ್ಲಿ ಹೆಸರಿಲ್ಲದ ಡಿಸ್ಕು ಕಚೇರಿಯ ಹೊಸ್ತಿಲು ದಾಟಕೂಡದು. ಇದಕ್ಕೆ ತಗಲುವ ವೆಚ್ಚ ಅತ್ಯಲ್ಪ. ಬೇಕಾದುದು ಶ್ರದ್ಧೆ ಮಾತ್ರ. ನಂಬಿ ಕೊಟ್ಟವನ ಗುಟ್ಟನ್ನು ಗುಜರಿಯ ಬೆಲೆಗೆ ಮಾರುವುದಕ್ಕೆ ನಮ್ಮಲ್ಲಿ ಯಾರಿಗೂ ಅಧಿಕಾರವಿಲ್ಲ.