ಬೆಂಬಲ ಬೆಲೆಯ ಹಣ ತಡವಾಗುವುದೇಕೆ?

ಪ್ರಶ್ನೆ: ಖರೀದಿ ಕೇಂದ್ರಕ್ಕೆ ರಾಗಿ, ಭತ್ತ ಕೊಟ್ಟ ದಿನವೇ ರೈತರ ಖಾತೆಗೆ ಹಣ ಏಕೆ ಜಮೆಯಾಗುವುದಿಲ್ಲ?

ಉತ್ತರ: ನೀರಾವರಿಯ ಕೊಳ್ಳೇಗಾಲ, ಯಳಂದೂರು ತಾಲ್ಲೂಕುಗಳ ಭತ್ತಕ್ಕೂ ಮಳೆಯಾಶ್ರಿತ ಹನೂರು ತಾಲ್ಲೂಕಿನ ರಾಗಿಗೂ ಕೇಂದ್ರ ಸರ್ಕಾರ ಕನಿಷ್ಠ ಬೆಂಬಲ ಬೆಲೆಯನ್ನು, ಅಂದರೆ ಸರ್ಕಾರಿ ಖರೀದಿಯ ಖಾತರಿ ದರವನ್ನು, ಘೋಷಿಸುತ್ತದೆ; 2025-26ರ ಸಾಲಿಗೆ ಅದು ಕ್ವಿಂಟಲ್ ರಾಗಿಗೆ 4,886 ರೂಪಾಯಿ, ಸಾಮಾನ್ಯ ಭತ್ತಕ್ಕೆ 2,369 ರೂಪಾಯಿ. ಈ ದರದಲ್ಲಿ 20 ಕ್ವಿಂಟಲ್ ರಾಗಿ ಮಾರಿದ ರೈತನಿಗೆ 97,720 ರೂಪಾಯಿ ಸಲ್ಲಬೇಕಾದರೂ, ತೂಕವಾದೊಡನೆ ಆ ಮೊತ್ತ ಪಾವತಿಯಾಗುವುದಿಲ್ಲ. ರೈತನ ಜಮೀನು, ಬೆಳೆ, ಆಧಾರ್ ಹಾಗೂ ಬ್ಯಾಂಕ್ ವಿವರಗಳನ್ನು ಒಂದೆಡೆ ಸೇರಿಸುವ 'ಫ್ರೂಟ್ಸ್' ಗುರುತಿನ ಸಂಖ್ಯೆಯ ಆಧಾರದ ಮೇಲೆ ನೋಂದಣಿ ನಡೆದು, ತೇವಾಂಶವು ರಾಗಿಯಲ್ಲಿ ಶೇ 12, ಭತ್ತದಲ್ಲಿ ಶೇ 17 ಮೀರಿಲ್ಲವೆಂದು ಪರೀಕ್ಷೆಯಿಂದ ಖಚಿತವಾಗಿ, ದಾಸ್ತಾನು ಗೋದಾಮು ಅಥವಾ ಅಕ್ಕಿ ಗಿರಣಿ ಸೇರಿದ ಲೆಕ್ಕ ತಾಳೆಯಾದ ಬಳಿಕವೇ ಹಣ ಆಧಾರ್ ಜೋಡಿತ ಖಾತೆಗೆ ನೇರವಾಗಿ ವರ್ಗವಾಗುತ್ತದೆ.

ಈ ಕ್ರಮದಿಂದ ಮಧ್ಯವರ್ತಿಗಳ ಕೈವಾಡ ತಗ್ಗುತ್ತದೆಯಾದರೂ, ಖಾತೆಗೆ ಆಧಾರ್ ಜೋಡಣೆಯಾಗದಿದ್ದರೆ ಅಥವಾ ಪಹಣಿಯಲ್ಲಿ ಹೆಸರು ಬೇರೆಯಾಗಿದ್ದರೆ ಪಾವತಿ ಅಲ್ಲಿಗೇ ನಿಲ್ಲಬಹುದು. ಆದ್ದರಿಂದ ಖಾತೆಯನ್ನು ನೋಂದಣಿಯ ಹಂತದಲ್ಲಿಯೇ ಪರಿಶೀಲಿಸುವುದು, ಪ್ರತಿ ಹಂತದ ಸ್ಥಿತಿಯನ್ನು ಮೊಬೈಲ್ ಸಂದೇಶದ ಮೂಲಕ ತಿಳಿಸುವುದು ಮತ್ತು ಮುಂಗಡವಾಗಿ ಆವರ್ತ ನಿಧಿಯನ್ನು, ಎಂದರೆ ಮರುಭರ್ತಿಯಾಗುತ್ತಲೇ ಇರುವ ಹಣವನ್ನು, ಕಾಯ್ದಿರಿಸುವುದು ಸುಧಾರಣೆಯ ಮುಖ್ಯ ಮಾರ್ಗಗಳಾಗಿವೆ.